ಮನ್ನಳ್ಳಿಯ ಅಕ್ಕನಿಗೆ: ಫೋನು ನಮ್ಮದು, ಅಪ್ಪಣೆ ಯಾರದು?

ಮನ್ನಳ್ಳಿಯ ಅಕ್ಕಾವರಿಗೆ,



ನಿಮ್ಮ ಪತ್ರ ತಲುಪಿತು. ಪಾಲಿಟೆಕ್ನಿಕ್ ಓದುತ್ತಿರುವ ಮಗ ನಿಮ್ಮ ಸ್ವಸಹಾಯ ಸಂಘದ ವಾರದ ಉಳಿತಾಯ, ಒಳಸಾಲ, ಬಡ್ಡಿ ಬರೆದಿಡಲು ಸಣ್ಣದೊಂದು ಆ್ಯಪ್ ಮಾಡಿಕೊಟ್ಟಿದ್ದಾನೆಂದು ಓದಿ ಬಹಳ ಖುಷಿಯಾಯಿತು. ಕನ್ನಡ ಬಾರದ ಸದಸ್ಯರಿಗಾಗಿ ಮರಾಠಿಯನ್ನೂ ಸೇರಿಸಿದ್ದಾನೆ, ನೆಟ್‌ವರ್ಕ್ ಇಲ್ಲದಿದ್ದರೂ ಅದು ನಡೆಯುತ್ತದೆ ಅಂದರೆ ಹುಡುಗ ಊರನ್ನು ಬಲ್ಲವನು. ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ಹೆಸರಾದ ಡಿಸಿಸಿ ಬ್ಯಾಂಕಿನ ಜಿಲ್ಲೆ ನಮ್ಮದು. ಆದರೂ ಆ ಗುಂಪುಗಳ ಲೆಕ್ಕ ಇಷ್ಟು ವರ್ಷ ನಡೆದದ್ದು ನೋಟ್‌ಬುಕ್ಕಿನಲ್ಲಿ. ಅದನ್ನು ಫೋನಿಗೆ ತರಬೇಕೆಂದು ಬೆಂಗಳೂರಿನ ಯಾವ ಕಂಪನಿಗೂ ತೋಚಿರಲಿಕ್ಕಿಲ್ಲ, ಏಕೆಂದರೆ ಅದರಲ್ಲಿ ಲಾಭವಿಲ್ಲ.

ಸದಸ್ಯರ ಫೋನಿಗೆ ಅದನ್ನು ಹಾಕಲು ಹೋದರೆ ಪ್ರತಿ ಫೋನೂ ಅಪಾಯದ ಎಚ್ಚರಿಕೆ ತೋರಿಸುತ್ತದೆ ಎಂದಿರಿ. ‘ಮುಂದೆ ಹೀಗೆ ಹಾಕುವುದೇ ಬಂದ್ ಆಗುತ್ತದಂತೆ, ಖರೇ ಏನ್ರಿ?’ ಎಂದು ಕೇಳಿದಿರಿ. ಅರ್ಧ ಖರೆ, ಅಕ್ಕಾ. ಉಳಿದರ್ಧ ನಾವು ಸುಮ್ಮನಿರುತ್ತೇವೋ ಮಾತಾಡುತ್ತೇವೋ ಎನ್ನುವುದರ ಮೇಲಿದೆ. ವಿಷಯ ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿ.

2025ರ ಆಗಸ್ಟ್‌ನಲ್ಲಿ ಗೂಗಲ್ ಒಂದು ಪ್ರಕಟಣೆ ಹೊರಡಿಸಿತು. ಅದರ ಪ್ರಮಾಣೀಕರಣ ಪಡೆದ ಆಂಡ್ರಾಯ್ಡ್ ಫೋನಿನಲ್ಲಿ ಯಾವ ಆ್ಯಪ್ ಕೂರಬೇಕಾದರೂ ಅದನ್ನು ಮಾಡಿದವರು ಗೂಗಲ್‌ ಬಳಿ ಗುರುತು ಖಚಿತಪಡಿಸಿ ನೋಂದಾಯಿಸಿಕೊಂಡಿರಬೇಕು ಎಂಬುದು ಅದರ ಸಾರ. ನಮ್ಮ ಮೊಬೈಲ್ ಅಂಗಡಿಗಳಲ್ಲಿ ಸಿಗುವ ಆಂಡ್ರಾಯ್ಡ್ ಫೋನುಗಳು ಹೆಚ್ಚುಕಡಿಮೆ ಎಲ್ಲವೂ ಇಂಥ ಪ್ರಮಾಣೀಕರಣ ಪಡೆದವೇ. ಪ್ಲೇ ಸ್ಟೋರ್‌ಗೆ ಬರುವ ಆ್ಯಪ್‌ಗಳಿಗೆ ಇಂಥ ನಿಯಮ ಮೊದಲೇ ಇತ್ತು. ಈಗ ಪ್ಲೇ ಸ್ಟೋರ್‌ನ ಹೊಸ್ತಿಲನ್ನೇ ತುಳಿಯದ, ಒಬ್ಬರಿಂದೊಬ್ಬರಿಗೆ ಕಳಿಸಿ ಹಾಕಿಕೊಳ್ಳುವ ಎಪಿಕೆ ಫೈಲಿಗೂ ಅದನ್ನು ಚಾಚಿದ್ದಾರೆ. ದಾಖಲೆಯಲ್ಲಿರುವ ಹೆಸರು, ವಿಳಾಸ, ಇಮೇಲ್, ಫೋನ್ ನಂಬರ್ ಕೊಡಬೇಕು. ಸರ್ಕಾರಿ ಗುರುತಿನ ಚೀಟಿಯನ್ನೂ ಕೇಳಬಹುದು. ಪೂರ್ಣ ಪ್ರಮಾಣದ ನೋಂದಣಿಗೆ 25 ಡಾಲರ್ ಶುಲ್ಕ. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಶುರು, 2027ರಿಂದ ಹಂತ ಹಂತವಾಗಿ ಉಳಿದ ದೇಶಗಳಿಗೆ ಎಂದು ವೇಳಾಪಟ್ಟಿ ಹಾಕಿದರು. ಆ ಉಳಿದ ದೇಶಗಳಲ್ಲಿ ನಮ್ಮದೂ ಒಂದು.

ಈ ಪ್ರಕಟಣೆಗೆ ಜಗತ್ತಿನ ಮೂಲೆಮೂಲೆಯ ಡೆವಲಪರ್‌ಗಳು ಎದುರು ಮಾತಾಡಿದರು. ಅದಾದ ಮೇಲೆ, ಅಂದರೆ 2025ರ ನವೆಂಬರ್‌ನಲ್ಲಿ, ಗೂಗಲ್ ಸ್ವಲ್ಪ ಸಡಿಲಿಸಿತು. ಅಪಾಯ ಗೊತ್ತಿದ್ದೂ ಹಾಕಿಕೊಳ್ಳುತ್ತೇನೆ ಎನ್ನುವ ಅನುಭವಿಗಳಿಗೆ ಬೇರೆಯದೇ ದಾರಿ ಬಿಡುತ್ತೇವೆ, ವಿದ್ಯಾರ್ಥಿಗಳಿಗೆ ಮತ್ತು ಹವ್ಯಾಸಿಗಳಿಗೆ ಕೆಲವೇ ಫೋನುಗಳ ಮಿತಿಯಲ್ಲಿ ಹಗುರ ಖಾತೆ ಕೊಡುತ್ತೇವೆ ಎಂದಿತು. ಅರ್ಧ ಖರೆ ಎಂದದ್ದು ಇದಕ್ಕೇ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎನ್ನುತ್ತಿದ್ದಾರೆ. ಆದರೆ ಎಷ್ಟು ತೆರೆದಿರಬೇಕು, ಎಷ್ಟು ಫೋನಿಗೆ, ಎಷ್ಟು ದಿನ ಎನ್ನುವುದನ್ನೆಲ್ಲ ನಿರ್ಧರಿಸುವವರು ಅವರೇ. ನಿಮ್ಮ ಸಂಘದ ಆ್ಯಪ್ ಅಕ್ಕಪಕ್ಕದ ಹಳ್ಳಿಗಳ ಸಂಘಗಳಿಗೂ ಬೇಕಾಯಿತೆನ್ನಿ, ಆಗ ‘ಕೆಲವೇ ಫೋನು’ಗಳ ಲೆಕ್ಕ ಮುಗಿದುಹೋಗುತ್ತದೆ.

ಹಾಗಾದರೆ ಪ್ಲೇ ಸ್ಟೋರ್‌ಗೇ ಹಾಕಿಬಿಡಲಿ ಅಂತ ಯಾರಾದರೂ ಅನ್ನಬಹುದು. ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿಯ ಮೆಟ್ಟಿಲುಗಳೂ ಈಚೆಗೆ ಎತ್ತರವಾಗಿವೆ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು 20 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕಿತ್ತು. ಒಂದು ವರ್ಷದ ನಂತರ ಅದನ್ನು 12 ಜನಕ್ಕೆ ಇಳಿಸಿದರು. ಆ್ಯಪ್‌ನಿಂದ ನಾಲ್ಕು ಕಾಸು ದುಡಿಯಬೇಕೆಂದರೆ ಮಾಡಿದವರ ಪೂರ್ತಿ ವಿಳಾಸ ಅಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಯಲ್ಲೇ ಕೂತು ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಇದರ ಅರ್ಥವೇನೆಂದು ನಿಮಗೆ ನಾನು ಹೇಳಬೇಕಿಲ್ಲ. ದೊಡ್ಡ ಕಂಪನಿಗಳಿಗೆ ಇದೆಲ್ಲ ಒಬ್ಬ ಗುಮಾಸ್ತ ಮುಗಿಸುವ ಕಾಗದಪತ್ರದ ಕೆಲಸ. ಕಷ್ಟವಾಗುವುದು ಬಿಡುವಿನ ವೇಳೆಯಲ್ಲಿ, ಪ್ರೀತಿಗಾಗಿ ಮಾಡುವವರಿಗೆ.

ಅಂಥವರು ಸೇರಿ ನಡೆಸುವ ಜಾಗವೊಂದಿದೆ, ಎಫ್-ಡ್ರಾಯ್ಡ್ ಎಂದು ಹೆಸರು. 2010ರಲ್ಲಿ ಶುರುವಾದದ್ದು. ಅಲ್ಲಿರುವುದೆಲ್ಲ ಮುಕ್ತ ತಂತ್ರಾಂಶ. ಬರೆದ ಕೋಡ್ ಬಯಲಿನಲ್ಲೇ ಇರುತ್ತದೆ, ಯಾರು ಬೇಕಾದರೂ ಓದಬಹುದು, ಅದರಿಂದಲೇ ಆ್ಯಪ್ ಕಟ್ಟಿ ಹಂಚುತ್ತಾರೆ. ಹಣವಿಲ್ಲ, ಜಾಹೀರಾತಿಲ್ಲ, ಖಾತೆ ತೆರೆಯಬೇಕಾಗಿಲ್ಲ. ಗೂಗಲ್‌ನ ಮೂಲ ಯೋಜನೆ ಜಾರಿಯಾದರೆ ತಮ್ಮ ಕೆಲಸ ಈಗಿನ ರೂಪದಲ್ಲಿ ನಿಂತೇಹೋಗುತ್ತದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಅವರು ಹೇಳಿದರು. ಕಾರಣ ಸರಳ. ಸ್ವಯಂಸೇವೆಯಿಂದ ಬರೆದವರನ್ನೆಲ್ಲ ಹೋಗಿ ನೋಂದಾಯಿಸಿಕೊಳ್ಳಿ ಎಂದು ಒತ್ತಾಯಿಸಲು ಅವರಿಂದ ಆಗದು. ಬೇರೆಯವರ ಆ್ಯಪ್‌ಗಳನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವುದು ನ್ಯಾಯವಲ್ಲ.

‘ಯಾವುದೋ ದೇಶದ ಹುಡುಗರ ತಾಪತ್ರಯ, ನಮಗೇನು?’ ಎನ್ನುವ ಹಾಗಿಲ್ಲ ಅಕ್ಕಾ. ಗಣಕಕ್ಕೆ ಕನ್ನಡ ಬಂದ ದಾರಿಯನ್ನು ಹಿಂತಿರುಗಿ ನೋಡಿದರೆ ಉದ್ದಕ್ಕೂ ಕಾಣುವುದು ಇಂಥವರ ಹೆಜ್ಜೆಗಳೇ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡ ಬರೆಯುವ ವಿನ್ಯಾಸವನ್ನು ಒಬ್ಬರೇ ರೂಪಿಸಿದರು, ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಹಣ ಕೇಳದೆ ಹಂಚಿದರು. ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಅವರ ವಿನ್ಯಾಸವೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ಹೊರತಂದರು. ವಿಂಡೋಸ್‌ಗೆ ತನ್ನದೇ ಕನ್ನಡ ಅಕ್ಷರ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಂದಿಗೆ. ಅದಕ್ಕೆ ಮೂರು ವರ್ಷ ಮೊದಲೇ ಒಬ್ಬ ಎಂಜಿನಿಯರ್ ಊರೂರಿನ ಡಿಟಿಪಿ ಅಂಗಡಿಗಳಿಗೆ, ಹೊರದೇಶದ ಕನ್ನಡಿಗರ ಮನೆಗಳಿಗೆ ಕನ್ನಡ ಟೈಪಿಂಗ್ ತಲುಪಿಸಿಬಿಟ್ಟಿದ್ದರು. ಅದಕ್ಕಾಗಿ ಅವರು ಮೈಕ್ರೋಸಾಫ್ಟ್‌ನಲ್ಲಿ ಹೆಸರು ಬರೆಸಬೇಕಾಗಿರಲಿಲ್ಲ. ಕನ್ನಡ ತಂತ್ರಾಂಶ ಸರಿಯಾಗಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಕಾಡು, ಮೀನು, ಕತೆಗಳ ನಡುವೆಯೂ ಜಗಳವಾಡಿದ್ದು ನಿಮಗೆ ನೆನಪಿರಬಹುದು.

ಫೋನಿನ ಕಥೆಯೂ ಅದೇ. ಆಂಡ್ರಾಯ್ಡ್‌ನ ಮೊದಲ ಫೋನು ಬಂದದ್ದು 2008ರಲ್ಲಿ. ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ಬೆಂಬಲ ಆಂಡ್ರಾಯ್ಡ್‌ಗೆ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಕನ್ನಡ ಓದಬೇಕೆಂದವರು ಒಪೇರಾ ಮಿನಿ ಹಾಕಿಕೊಂಡು, ಅದರೊಳಗಿನ ಒಂದು ಗುಪ್ತ ಸೆಟ್ಟಿಂಗ್ ತಿರುವಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದುತ್ತಿದ್ದರು. ಫೋನ್ ಮಾಡಿದವರಿಗೆ ನಮ್ಮ ನೆನಪಾಗುವ ಮೊದಲು ಹೊರಗಿನವರೊಬ್ಬರು ದಾರಿ ಮಾಡಿಕೊಟ್ಟಿದ್ದರು ಎಂದಾಯಿತು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸ್ವಯಂಸೇವಕರು ಕಟ್ಟಿದ ‘ಇಂಡಿಕ್ ಕೀಬೋರ್ಡ್’ ನೋಡಿ. ಅದರಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಇವೆ. ನಮ್ಮ ಬೀದರದ ಓಣಿಯಲ್ಲಿ ಒಂದೇ ದಿನ ಕಿವಿಗೆ ಬೀಳುವ ಭಾಷೆಗಳೆಲ್ಲ ಒಂದೇ ಕೀಲಿಮಣೆಯಲ್ಲಿ! ನಾವು ಒತ್ತಿದ ಅಕ್ಷರಗಳನ್ನು ಅದು ಎಲ್ಲಿಗಾದರೂ ಸಾಗಿಸುತ್ತಿದೆಯೇ ಎಂದು ತಿಳಿದವರು ಕೋಡ್ ತೆರೆದು ನೋಡಬಹುದು. ಬ್ಯಾಂಕಿನ ಪಾಸ್‌ವರ್ಡನ್ನೂ ನಾವು ಒತ್ತುವುದು ಅದೇ ಕೀಲಿಮಣೆಯಲ್ಲವೇ?

ಇನ್ನೆರಡು ಹೆಸರು ಹೇಳಿ ಮುಂದೆ ಹೋಗುತ್ತೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’, ಕೈಲಾಶ್ ನಾಧ್ ಅವರ ಕೈಜೋಡಣೆಯಿಂದ 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು. ಒಂದೂವರೆ ಲಕ್ಷದಷ್ಟು ಪದಗಳು ಅದರಲ್ಲಿವೆ. ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಆ್ಯಪ್‌ಗೆ ಬಳಸಬಹುದು. ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ಕಟ್ಟಿದ ‘ವಚನ ಸಂಚಯ’ದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಅನುಭವ ಮಂಟಪದ ಜಿಲ್ಲೆಯವರಾದ ನಮಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕೇ? ಇಂಥ ಕೆಲಸಗಳೆಲ್ಲ ಮೊದಲು ಹುಟ್ಟಿದ್ದು ಯಾರೋ ಒಬ್ಬರ ಹಟದಿಂದ. ಮಾರುಕಟ್ಟೆ ಇದೆಯೆಂದು ಕಂಡಮೇಲೆ ಕಂಪನಿಗಳು ಬಂದವು. ಹಟಮಾರಿಗಳ ದಾರಿಗೆ ಗೇಟು ಹಾಕಿದರೆ ಮೊದಲು ನಷ್ಟವಾಗುವುದು ಕನ್ನಡದಂಥ ಭಾಷೆಗಳಿಗೆ, ಇನ್ನೂ ಹೆಚ್ಚಾಗಿ ನಮ್ಮ ತಾಂಡಾಗಳ ಲಂಬಾಣಿಯಂಥ ಮಾತಿಗೆ.

ಕರ್ನಾಟಕಕ್ಕೆ ತೆರೆದ ಯಂತ್ರ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯವರೊಡನೆ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ತೋರಿಸಿದ್ದರು. ಐಫೋನ್ ಬರುವುದಕ್ಕೆ ಆರು ವರ್ಷ ಮೊದಲಿನ ಮಾತಿದು. ಒಳಗೆ ಲಿನಕ್ಸ್, ತೆರೆಯ ಮೇಲೆ ಕನ್ನಡ, ಓದಲು ಬಾರದವರಿಗೆ ಓದಿ ಹೇಳುವ ಧ್ವನಿ, ಒಂದೇ ಯಂತ್ರವನ್ನು ಹಳ್ಳಿಯವರೆಲ್ಲ ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್. ಯಂತ್ರದ ವಿನ್ಯಾಸವನ್ನೂ ಎಲ್ಲರಿಗೂ ತೆರೆದಿಟ್ಟಿದ್ದರು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರಿತು. ಮಾರಾಟ ಕೈಹಿಡಿಯಲಿಲ್ಲ. ಕೆಲವೇ ವರ್ಷದಲ್ಲಿ ಗೂಗಲ್‌ನ ಆಂಡ್ರಾಯ್ಡ್ ಅದೇ ಲಿನಕ್ಸ್ ತಿರುಳಿನ ಮೇಲೆ, ‘ಇದು ಎಲ್ಲರಿಗೂ ಮುಕ್ತ’ ಎಂಬ ಮಾತಿನೊಂದಿಗೆ ಬಂದು ಜಗತ್ತನ್ನೇ ಗೆದ್ದಿತು. ಯಾವ ಕಂಪನಿ ಬೇಕಾದರೂ ಫೋನ್ ಮಾಡಬಹುದಿತ್ತು, ಯಾರು ಬೇಕಾದರೂ ಆ್ಯಪ್ ಬರೆಯಬಹುದಿತ್ತು. ಆ ಮುಕ್ತತೆಯನ್ನು ನಂಬಿ ಲಕ್ಷಾಂತರ ಜನ ದುಡಿದದ್ದರಿಂದಲೇ ಅದು ಇಷ್ಟು ಬೆಳೆಯಿತು. ಬೆಳೆದ ಮೇಲೆ ಗೇಟು ಹಾಕುವುದಕ್ಕೆ ನನ್ನ ತಕರಾರು. ಮೊದಲ ದಿನದಿಂದಲೂ ಐಫೋನ್ ಮುಚ್ಚಿದ ಮನೆಯೇ. ಅಲ್ಲಿ ಆಪಲ್‌ನ ಅಂಗಡಿ ಬಿಟ್ಟು ಬೇರೆ ದಾರಿ ಇಲ್ಲವೆಂಬುದು ಕೊಳ್ಳುವವರಿಗೆ ಗೊತ್ತಿತ್ತು. ಯುರೋಪಿನ ಒಕ್ಕೂಟ ಕಾನೂನು ಮಾಡಿದ್ದರಿಂದ 2024ರ ಮಾರ್ಚ್‌ನಿಂದ ಅಲ್ಲಿ ಆ ಮನೆಗೂ ಬೇರೆ ಬಾಗಿಲುಗಳು ಬಂದಿವೆ. ಮುಚ್ಚಿದ್ದು ತೆರೆಯುತ್ತಿರುವ ಹೊತ್ತಿನಲ್ಲೇ ತೆರೆದದ್ದು ಮುಚ್ಚಿಕೊಳ್ಳುತ್ತಿದೆ.

ಇನ್ನು ಮೋಸದ ವಿಚಾರ. ಇದನ್ನು ಹಗುರವಾಗಿ ತೆಗೆದುಕೊಂಡರೆ ನಿಮಗೆ ಅನ್ಯಾಯ ಮಾಡಿದಂತೆ. ಮದುವೆ ಆಮಂತ್ರಣ, ಆರ್‌ಟಿಒ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರುಗಳಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ ಬರುತ್ತದೆ. ಒತ್ತಿದರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬ್ಯಾಂಕಿನ ಓಟಿಪಿ ಕಳ್ಳರ ಕೈಗೆ. ತೊಗರಿ ಮಾರಿ ಬಂದ ದುಡ್ಡು ಒಂದು ರಾತ್ರಿಯಲ್ಲಿ ಖಾಲಿ. ಅಂತರ್ಜಾಲದ ಬೇರೆ ಮೂಲಗಳಿಂದ ಬರುವ ಕೇಡಿನ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಇರುವುದಕ್ಕಿಂತ 50 ಪಟ್ಟು ಹೆಚ್ಚು ಎಂದು ಗೂಗಲ್ ಹೇಳುತ್ತದೆ. ಒಂದು ಹೆಸರಿನಲ್ಲಿ ಸಿಕ್ಕಿಬಿದ್ದವನು ನಾಳೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ, ಗುರುತು ಕೇಳಿದರೆ ಅದು ಕಷ್ಟವಾಗುತ್ತದೆ ಎಂಬುದು ಅದರ ವಾದ. ಈ ವಾದದಲ್ಲಿ ತಿರುಳಿಲ್ಲ ಎನ್ನಲಾರೆ.

ಆದರೆ ಗೇಟಿನ ಒಳಗೂ ಕಳ್ಳರಿದ್ದರು ಎಂಬುದನ್ನು ಮರೆಯಬಾರದು. ಜನರ ಮಾನ ಕಳೆದು ಪ್ರಾಣವನ್ನೂ ತೆಗೆದ ಆನ್‌ಲೈನ್ ಸಾಲದ ಆ್ಯಪ್‌ಗಳಲ್ಲಿ ಎಷ್ಟೋ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತಿದ್ದವು. 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಇಂಥ 2,500ಕ್ಕೂ ಹೆಚ್ಚು ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿತೆಂದು ಹಣಕಾಸು ಸಚಿವರೇ ಸಂಸತ್ತಿಗೆ ತಿಳಿಸಿದ್ದಾರೆ. ಬಾಡಿಗೆ ಗುರುತಿನ ಚೀಟಿ, ಬಾಡಿಗೆ ಬ್ಯಾಂಕ್ ಖಾತೆ ಹೊಂದಿಸುವ ಕಳ್ಳನಿಗೆ 25 ಡಾಲರ್ ಒಂದು ಲೆಕ್ಕವೇ? ಅದು ಲೆಕ್ಕವಾಗುವುದು ವಿದ್ಯಾರ್ಥಿವೇತನದಲ್ಲಿ ಓದುವ ಹುಡುಗನಿಗೆ. ಕಳ್ಳ ಬರುವ ಸಂದಿಗೇ ಕೈಹಾಕುವ ಉಪಾಯವೂ ಇದೆ. ಹೊರಗಿನಿಂದ ಬಂದು ಎಸ್‌ಎಂಎಸ್ ಓದುವಂಥ ಸೂಕ್ಷ್ಮ ಅನುಮತಿ ಕೇಳುವ ಆ್ಯಪ್‌ಗಳನ್ನಷ್ಟೇ ತಡೆಯುವ ಪ್ರಯೋಗವನ್ನು ಗೂಗಲ್ ತಾನೇ 2024ರಲ್ಲಿ ಸಿಂಗಪುರದಲ್ಲಿ ಶುರುಮಾಡಿ, ಆಮೇಲೆ ಭಾರತಕ್ಕೂ ತಂದಿತು. ನಿಮ್ಮ ಸಂಘದ ಲೆಕ್ಕದ ಆ್ಯಪ್‌ಗೆ ಎಸ್‌ಎಂಎಸ್ ಬೇಕಿಲ್ಲ, ಸಂಪರ್ಕ ಪಟ್ಟಿ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಏನನ್ನೂ ಕದಿಯಲಾರದ ಆ್ಯಪ್‌ಗೂ ಕಳ್ಳ ಆ್ಯಪ್‌ಗೂ ಒಂದೇ ಬೇಡಿ ಏಕೆ?

ಪಂಪ್‌ಸೆಟ್ ಕೊಂಡ ರೈತ ಯಾವ ಹೊಲಕ್ಕೆ ನೀರು ಬಿಡಲಿ ಎಂದು ಮೋಟಾರ್ ಕಂಪನಿಯನ್ನು ಕೇಳುವುದಿಲ್ಲ. ಫೋನಿಗೂ ನಾವು ಪೂರ್ತಿ ದುಡ್ಡು ಕೊಟ್ಟಿದ್ದೇವೆ. ಎಚ್ಚರಿಕೆ ಕೊಡಲಿ, ಒಂದಲ್ಲ ಎರಡು ಸಲ ಕೇಳಲಿ. ಕೊನೆಯ ಮಾತು ಮಾತ್ರ ಫೋನಿನ ಒಡೆಯರದ್ದಾಗಿರಬೇಕು. ನಾನು ಹೇಳುವುದು ಇಷ್ಟೇ.

ನಮ್ಮ ನೆಲಕ್ಕೆ ಈ ಅಪ್ಪಣೆಯ ಸಂಗತಿ ಹೊಸದಲ್ಲವಲ್ಲ. ನಿಜಾಮರ ಕಾಲದಲ್ಲಿ ಸಭೆ ಸೇರಬೇಕಾದರೂ ಖಾಸಗಿ ಶಾಲೆ ತೆರೆಯಬೇಕಾದರೂ ಸರ್ಕಾರದ ಅನುಮತಿ ಬೇಕಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಗೂಗಲನ್ನು ನಿಜಾಮರಿಗೆ ಹೋಲಿಸಲು ಇದನ್ನು ಹೇಳುತ್ತಿಲ್ಲ. ಒಂದು ಕಂಪನಿಯ ನಿಯಮಕ್ಕೂ ಒಂದು ಆಳ್ವಿಕೆಯ ಬಲಕ್ಕೂ ಬಹಳ ಅಂತರವಿದೆ. ಬೀದರದಲ್ಲಿ ಕನ್ನಡ ಉಳಿದದ್ದು ಅಪ್ಪಣೆಗೆ ಕಾಯದವರಿಂದ, ಅದನ್ನು ನೆನಪಿಸಿದೆ ಅಷ್ಟೆ.

ನಮ್ಮ ದೇಶದ ಕಾನೂನು ಏನನ್ನುತ್ತದೆ ಎಂದೂ ಕೇಳಿದ್ದಿರಿ. 2018ರಲ್ಲಿ ಮೂವರು ಯುವಜನರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನಿಂದ ಆ್ಯಪ್ ಹಾಕುವುದಕ್ಕೆ ಅಡ್ಡಿ ಮಾಡಬಾರದು, ಬೇರೆ ಆ್ಯಪ್ ಅಂಗಡಿಗಳಿಗೂ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಬೇಕು ಎಂದೂ ಆದೇಶಿಸಿತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಈ ಎರಡು ನಿರ್ದೇಶನಗಳೂ ಸೇರಿದಂತೆ ನಾಲ್ಕನ್ನು ಕೈಬಿಟ್ಟಿತು. ನಮಗೆ ಬೇಕಾದದ್ದೇ ಜಾರಿಹೋಯಿತು.

ಒಂದೇ ಬಾಗಿಲಿದ್ದರೆ ಏನಾಗುತ್ತದೆಂದು ಮರುವರ್ಷವೇ ಗೊತ್ತಾಯಿತು. ಶುಲ್ಕದ ಜಗಳದಲ್ಲಿ 2024ರ ಮಾರ್ಚ್ 1ರಂದು ಗೂಗಲ್ ಭಾರತದ 10 ಕಂಪನಿಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದಿತ್ತು. ಭಾರತ್ ಮ್ಯಾಟ್ರಿಮೋನಿ, ನೌಕರಿ ಡಾಟ್ ಕಾಂನಂಥ ದೊಡ್ಡ ಹೆಸರುಗಳೇ ಅದರಲ್ಲಿದ್ದವು. ಕೇಂದ್ರ ಸಚಿವರು ನಡುವೆ ಬಂದರು, ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ಮನ್ನಳ್ಳಿಯ ಹುಡುಗನ ಆ್ಯಪ್ ತೆಗೆದರೆ ಯಾವ ಸಚಿವರು ಬರುತ್ತಾರೆ? ಮಾರ್ಚ್ 1ರ ಆ ಘಟನೆಗೆ ಒಂದು ವಾರಕ್ಕೂ ಸ್ವಲ್ಪ ಮೊದಲು ಬೆಂಗಳೂರಿನ ಫೋನ್‌ಪೇ ಸಂಸ್ಥೆ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ‘ಇಂಡಸ್ ಆ್ಯಪ್‌ಸ್ಟೋರ್’ ತೆರೆದಿತ್ತು. ಎರಡನೇ ಅಂಗಡಿ ಇರುವುದು ಒಳ್ಳೆಯದೇ. ಆದರೆ ಗೂಗಲ್‌ನ ಹೊಸ ನಿಯಮ ಬಂದರೆ ಎರಡನೇ ಅಂಗಡಿಯ ಸರಕಿಗೂ ಮೊದಲ ಅಂಗಡಿಯವರ ಮುದ್ರೆ ಬೇಕಾಗುತ್ತದೆ.

ಈಗ ಮಾಡಬೇಕಾದದ್ದು. ಮಗನಿಗೆ ಹೇಳಿ, ಆ್ಯಪ್‌ನ ಕೋಡನ್ನು ಮುಕ್ತವಾಗಿ ಎಲ್ಲರಿಗೂ ಕಾಣುವಂತೆ ಇಡಲಿ, ಬೇಡದ ಒಂದು ಅನುಮತಿಯನ್ನೂ ಕೇಳದಿರಲಿ. ಸಂಘದವರಿಗೆ ನೀವು ಹೇಳಿ, ಮಾಡಿದವರು ಯಾರೆಂದು ಮುಖ ನೋಡಿ ಗೊತ್ತಿರದಿದ್ದರೆ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆಯನ್ನು ಒತ್ತುವುದೇ ಬೇಡ. ದುಡ್ಡು ಹೋಯಿತೆಂದು ಗೊತ್ತಾದ ಕ್ಷಣವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡಮಾಡಿದಷ್ಟೂ ಮರಳಿ ಸಿಗುವುದು ಕಷ್ಟ. ಬೆಳೆ ಸಮೀಕ್ಷೆ, ದಿಶಾಂಕ್‌ನಂಥ ಆ್ಯಪ್‌ಗಳನ್ನು ರಾಜ್ಯ ಸರ್ಕಾರ ಒಂದೇ ಅಂಗಡಿಗೆ ಕಟ್ಟಿಹಾಕದೆ ತನ್ನ ಜಾಲತಾಣದಲ್ಲೂ ನೇರವಾಗಿ ಕೊಡಬೇಕೆಂದು ನಮ್ಮ ಶಾಸಕರನ್ನು, ಸಂಸದರನ್ನು ಕೇಳೋಣ.

ಕೊನೆಯದಾಗಿ ಒಂದು ವಿನಂತಿ. 2022ರ ಆ ದೊಡ್ಡ ಆದೇಶಕ್ಕೆ ಬೀಜ ಬಿತ್ತಿದ್ದು ಮೂವರು ಯುವಜನರ ಅರ್ಜಿ. ನಿಮ್ಮ ಸಂಘದಲ್ಲಿ ಅದಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿದ್ದೀರಿ. ಬರುವ ವಾರದ ಸಭೆಯಲ್ಲಿ ಒಂದು ಠರಾವು ಬರೆಯಿರಿ: ನಮ್ಮ ಫೋನಿನಲ್ಲಿ ನಾವು ನಂಬಿದವರ ಆ್ಯಪ್ ಹಾಕಿಕೊಳ್ಳುವ ಹಕ್ಕು ನಮ್ಮದು, ಅದಕ್ಕೆ ಯಾವ ಕಂಪನಿಯ ನೋಂದಣಿಯೂ ಕಡ್ಡಾಯವಾಗಬಾರದು. ಕನ್ನಡದಲ್ಲೇ ಬರೆದು, ಎಲ್ಲರೂ ಸಹಿ ಹಾಕಿ, ನವದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಒಂದು ಪ್ರತಿ ನನಗೂ ಬರಲಿ, ಬೀದರದ ಬೇರೆ ಸಂಘಗಳಿಗೆ ಮುಟ್ಟಿಸುವ ಕೆಲಸ ನನ್ನದು.



ನಿಮ್ಮ ವಿಶ್ವಾಸಿ,
ಬೀದರದ ಗೆಳೆಯ